ಕಾಶವ್ವನ ಹತ್ತಿರ ಬೇಡಿದ ಗುಳಿಗೆ

ಕಲ್ಲಿನ ಖಣಿ, ಜೇಜುರಿಯ ಆಚೆ, ಪುಣೆ ಜಿಲ್ಲೆ
ಮಂಗಳವಾರ, ೧೯೩೬

ಅವ್ವಾ, ನಿನ್ನ ಪಾದಕ್ಕೆ ನಮಸ್ಕಾರ.

ಇವರು ನೋಡಿಕೊಳ್ಳುವ ಈ ಖಣಿಯ ಕರಿಕಲ್ಲಿಗೆ ನೀರು ಹೊಯ್ದರೆ ತೊಳೆದ ನೇರಳೆಹಣ್ಣಿನಂತೆ ಹೊಳೆಯುತ್ತದೆ. ಪುಣೆಯ ಬಂಗಲೆಗಳ ಕಂಬಕ್ಕೆ ಹೋಗುತ್ತದೆ.

ಇಲ್ಲಿ ಕಲ್ಲು ಒಡೆಯುವ ನಮ್ಮ ಕಡೆಯ ಕಾಶವ್ವ ತನ್ನ ಕೂಸು ಮಲಗಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದಳು, ನಾನು ಬೈದು ಬಿಡಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೆನಲ್ಲ. ಅಪ್ಪ ಆ ಕಾರ್ಡನ್ನು ಓಣಿಗೆಲ್ಲ ಓದಿ ಹೇಳಿದರಂತೆ. ಇದನ್ನು ಅವರಿಗೆ ತೋರಿಸಬೇಡ. ಒಂಬತ್ತು ದಿನದಿಂದ ನನ್ನ ಕೂಸು ಮಾರ್ತಾಂಡನಿಗೂ ನನಗೂ ನಿದ್ದೆಯಿಲ್ಲ. ಇಂದು ಬೆಳಿಗ್ಗೆ ನಾನೇ ಅವನನ್ನು ಎತ್ತಿಕೊಂಡು ಹೋಗಿ ಅವಳ ಹತ್ತಿರ ಅರ್ಧ ಗುಳಿಗೆ ಬೇಡಿದೆ.

"ನೀವು ಬೈದ ದಿನಾನ ಖಣಿ ನೀರಿಗೆ ಒಗದ್ನಿರಿ, ಬಾಯಾರ. ಸಾಲಿ ಕಲ್ತವ್ರ ಮಾತಂತ ಕೇಳಿದ್ನಿ" ಎಂದಳು.

ಅವಳ ಕೂಸು ಬೆನ್ನ ಮೇಲೆ ಅಳುತ್ತಿತ್ತು. ಈಗ ಅದನ್ನು ಕಟ್ಟಿಕೊಂಡೇ ಸುತ್ತಿಗೆ ಎತ್ತುತ್ತಾಳೆ. "ಕೊಡ್ರಿ ಇತ್ಲಾಗ. ನೀವು ಒಂದ್ ತಾಸ ಮಲಗ್ರಿ" ಎಂದು ಮಾರ್ತಾಂಡನನ್ನೂ ಮಡಿಲಿಗೆ ತೆಗೆದುಕೊಂಡಳು.

ಮಲಗಿದರೆ ನಿದ್ದೆ ಬರಲಿಲ್ಲ. ಎದ್ದು ಇದನ್ನು ಬರೆದೆ. ಕಲ್ಲಿನ ಗಾಡಿ ಹೊರಟಿದೆ, ಅದರಲ್ಲೇ ಕಾರ್ಡು ಹೋಗಬೇಕು. ತೇಯ್ದು ನೆಕ್ಕಿಸಲು ಬಜೆ ಬೇರು ಕಳಿಸು. ಎರಡು ಕೂಸಿಗೆ ಸಾಲುವಷ್ಟು.

ನಿನ್ನ ಇಂದೂ