ಬೆಟ್ಟ ಹತ್ತಿದ ಗಡಿಯಾರದವರು

ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ಚಿನ್ನೀ,

ಎರಡು ಪತ್ರಕ್ಕೂ ಉತ್ತರ ಬರೆಯದ ಅಕ್ಕನನ್ನು ಬೈದುಕೊಂಡೇ ಈ ಲಕೋಟೆ ಒಡೆದಿರುತ್ತೀಯ. ಬೈದುಕೋ, ತಪ್ಪು ನನ್ನದೇ. ನಿನ್ನ ಮಂಡಿನೋವು ಹೇಗಿದೆ? ಮಕ್ಕಳು ಕ್ಷೇಮವೇ? ಕೆಲಸದ ನಡುವೆ ಬರೆಯುತ್ತಿದ್ದೇನೆ, ಕಾಗದದ ಮೇಲೆ ಪ್ಲಾಸ್ಟರ್ ಪುಡಿಯ ಬೆರಳಚ್ಚು ಕಂಡರೆ ಒರೆಸಿಬಿಡು.

ಅಣ್ಣನ ವಿಷಯ ಬರೆಯಲು ಧೈರ್ಯ ಸಾಲದೆ ಇಷ್ಟು ದಿನ ಸುಮ್ಮನಿದ್ದೆ. ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಕಾಲು ಹೋದಾಗ, "ಇನ್ಮೇಲೆ ಉಗುರು ಕತ್ತರಿಸೋ ಕೆಲಸ ಅರ್ಧ ಉಳೀತು" ಅಂದು ನಮ್ಮನ್ನೇ ನಗಿಸಿದ್ದನಲ್ಲ. ಅವನಿಗೆ ಕೃತಕ ಕಾಲು ಮಾಡಿದ್ದು ನಾನೇ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಅಚ್ಚು ತೆಗೆದೆ, ಮೊಂಡುಗಾಲು ಕೂರುವ ಬಟ್ಟಲನ್ನು ಉಜ್ಜಿ ನಯ ಮಾಡಿದೆ, ಎರಡು ಕಂಬಿ ಹಿಡಿಸಿ ಅವನನ್ನು ನಿಲ್ಲಿಸಿದೆ.

ನಮ್ಮ ಕಾರ್ಯಾಗಾರದ ಪದ್ಧತಿ ನಿನಗೆ ಗೊತ್ತು. ಮೊದಲ ಸಲ ಕಾಲು ತೊಡಿಸುವಾಗ ಆ ಗಡಿಯಾರ ರಿಪೇರಿಯವರ ಕತೆ ಹೇಳಲೇಬೇಕು. ಕಾಲು ಹೋಯಿತು, ಅತ್ತರು, ಎದ್ದರು, ವರ್ಷ ತುಂಬುವುದರೊಳಗೆ ಬೆಟ್ಟ ಹತ್ತಿದರು. ಹಾಗೆ ಗೆದ್ದವರ ಫೋಟೋಗಳನ್ನು ಗೋಡೆಗೆ ಹಾಕುತ್ತೇವೆ. ನೀನೂ ಮಕ್ಕಳಿಗೆ ಈ ಕತೆ ಹೇಳಿದ್ದೀಯ. ಅಣ್ಣ ರೆಪ್ಪೆ ಬಡಿಯದೆ ಕೇಳಿದ, ಆಮೇಲೆ ಗೋಡೆಯಲ್ಲಿ ಖಾಲಿ ಜಾಗ ಎಲ್ಲಿದೆ ಅಂತ ನೋಡಿದ.

ಅಲ್ಲಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ದಿನಕ್ಕೆ ಅರ್ಧ ಗಂಟೆ ಸಾಕು ಅಂದರೆ ಮೂರು ಗಂಟೆ ನಡೆದ. ನೋವಿದೆಯಾ ಅಂತ ಕೇಳಿದಾಗಲೆಲ್ಲ ಇಲ್ಲ ಅಂದ. ಬಟ್ಟಲಿನೊಳಗೆ ಚರ್ಮ ಉಜ್ಜಿ ಹುಣ್ಣಾಗಿ ಕೀವು ತುಂಬಿತ್ತು. ಅತ್ತಿಗೆ ಬಟ್ಟೆಗೆ ಅಂಟಿದ ರಕ್ತ ನೋಡಿ ಓಡಿಬರುವಷ್ಟರಲ್ಲಿ ತಡವಾಗಿತ್ತು. ಕೀವು ಮೇಲೇರಿದಂತೆಲ್ಲ ಕತ್ತರಿಸಬೇಕಾಯಿತು, ಮಂಡಿ ಹೋಯಿತು, ತೊಡೆಯೂ ಹೋಯಿತು. ಇನ್ನು ಯಾವ ಕಾಲೂ ಅವನಿಗೆ ಒಗ್ಗುವುದಿಲ್ಲ ಅಂದರು ಡಾಕ್ಟರು.

ಈಗ ಗೋಡೆಗೆ ಮುಖ ಮಾಡಿ ಮಲಗಿರುತ್ತಾನೆ. ಗಡ್ಡ ಬೋಳಿಸಿಕೊಳ್ಳುವುದಿಲ್ಲ. ಅತ್ತಿಗೆ ಹತ್ತಿರ ಕ್ಷಮೆ ಕೇಳಿದನಂತೆ, ಸೋತುಹೋದೆ ಅಂತ. ಚಿನ್ನೀ, ಸಮಾಧಾನ ಹೇಳೋಣವೆಂದು ಪಕ್ಕದಲ್ಲಿ ಕುಳಿತರೆ ಹೇಳಲು ಒಂದು ಕತೆಯೂ ಸಿಗುವುದಿಲ್ಲ. ಬಿದ್ದವನು ಎದ್ದು ಗೆದ್ದ ಕತೆ ನನಗೆ ಗೊತ್ತು. ಬಿದ್ದವನನ್ನು ನೋಡಿ ಅಯ್ಯೋ ಪಾಪ ಅನ್ನುವ ಕತೆಯೂ ಗೊತ್ತು. ಏಳಲಾಗದೆ ಕುಳಿತಲ್ಲೇ ಉಳಿದವನೂ ಇಡೀ ಮನುಷ್ಯನೇ ಅನ್ನುವ ಕತೆ ನಮ್ಮ ಯಾರ ಬಾಯಲ್ಲೂ ಇಲ್ಲ. ಇದ್ದಿದ್ದರೆ ಅವನು ನೋವಾಗುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತಿದ್ದ. ಗೋಡೆಯ ಫೋಟೋಗಳನ್ನು ತೆಗೆದುಬಿಡೋಣ ಅಂತ ಮೇಲ್ವಿಚಾರಕರನ್ನು ಕೇಳಿದೆ. "ತೆಗೆದ್ರೆ ಜನಕ್ಕೆ ಏನ್ ತೋರಿಸ್ತೀಯಮ್ಮಾ?" ಅಂದರು. ನಾಳೆ ಹೊಸಬರೊಬ್ಬರು ಬರುತ್ತಾರೆ, ಅವರಿಗೂ ಅದೇ ಕತೆ ಹೇಳಿಬಿಡುತ್ತೇನೇನೋ.

ಸಾಧ್ಯವಾದರೆ ಒಮ್ಮೆ ಬಂದು ಹೋಗು. ನೀನು, ನಿನ್ನ ಮಕ್ಕಳು ತಣ್ಣಗಿರಿ. ಮಕ್ಕಳು ಬಿದ್ದರೆ ಅಳಲು ಬಿಡು.

ನಿನ್ನ
ಅಕ್ಕ

ಇದನ್ನು ಬರೆಯದೆ ಲಕೋಟೆ ಅಂಟಿಸಲಾಗುತ್ತಿಲ್ಲ. ಆ ಗಡಿಯಾರದವರು ಬೆಟ್ಟ ಹತ್ತಲೇ ಇಲ್ಲ. ಹಾಸಿಗೆಯಿಂದ ಕೆಲಸದ ಮೇಜಿಗೆ ಹನ್ನೆರಡು ಹೆಜ್ಜೆ, ಅಷ್ಟು ನಡೆದರೆ ಅವರಿಗೆ ಸಾಕಾಗಿತ್ತು. ಉಳಿದ ಹೊತ್ತೆಲ್ಲ ಕುಳಿತು ಗಡಿಯಾರ ಬಿಚ್ಚುತ್ತ ಹಾಯಾಗಿದ್ದರು. ಇದನ್ನು ಕೇಳಿ ಯಾರು ಎದ್ದು ನಿಂತಾರು ಅಂತ ಬೆಟ್ಟವನ್ನು ನಾನೇ ಸೇರಿಸಿದೆ. ಅವರು ತೀರಿಕೊಂಡು ಆರು ವರ್ಷವಾಯಿತು. ನಿನ್ನೆ ಅಣ್ಣ ಇಷ್ಟು ದಿನಕ್ಕೆ ನನ್ನ ಕಡೆ ತಿರುಗಿ, "ಅವ್ರನ್ನ ಒಂದ್ಸಲ ಕರ್ಕೊಂಡ್ ಬಾ, ನೋವು ಹೇಗೆ ತಡ್ಕೊಂಡ್ರು ಕೇಳ್ಬೇಕು" ಅಂದ. ಹೂಂ ಅಂದುಬಿಟ್ಟೆ. ಈಗಷ್ಟೇ ಅತ್ತಿಗೆ ಫೋನ್ ಮಾಡಿದ್ದರು. ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು, ಬಾಗಿಲು ನೋಡುತ್ತ ಕುಳಿತಿದ್ದಾನಂತೆ.