ಬೀಗಿತ್ತಿಗೆ ದಾಟಿಸಿದ ತಟ್ಟೆ

ಅಪ್ಪಯ್ಯಾ,

ಬೇಗಾರಿನ ಹೋಟೆಲಿನವ ಒಮ್ಮೆ ನಿನ್ನ ಬುಟ್ಟಿಯಲ್ಲಿ ಉಳಿದು ಕೆಟ್ಟಿದ್ದ ಬಂಗುಡೆ ಮೀನು ಕೇಳಿದ್ದು ನೆನಪಿದೆಯಾ? "ಕೊಡು ಮಾರಾಯ, ಹುಳಿ ಜಾಸ್ತಿ ಹಾಕಿ ಸಾರು ಮಾಡ್ತೀನಿ, ಯಾರಿಗೂ ಗೊತ್ತಾಗಲ್ಲ" ಅಂದ. "ನಂಗೆ ಗೊತ್ತುಂಟಲ್ಲ" ಅಂದವನೇ ನೀನು ಅಷ್ಟನ್ನೂ ಗುಂಡಿ ತೆಗೆದು ಹೂತುಬಿಟ್ಟೆ. ಎಂಥ ಹಟಮಾರಿ ಅಂತ ನಾನು ಆಗ ಬೈದುಕೊಂಡಿದ್ದೆ.

ನಿನ್ನ ಮೊಮ್ಮಗಳು ಸುಮಾಗೆ ಮದುವೆ ಗೊತ್ತಾಗಿದೆ. ಹುಡುಗನ ಮನೆಯವರು ಗೋವಾದಲ್ಲಿದ್ದಾರೆ. ಹೋದ ತಿಂಗಳು ನಮ್ಮನ್ನು ಕಡಲ ದಂಡೆಯ ಭಾರೀ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಕರೆದರು. ಅಲ್ಲಿ ಜಪಾನಿನ ಅಡುಗೆಗೂ ಪೆರು ದೇಶದ ಅಡುಗೆಗೂ ನಂಟಸ್ತನವಂತೆ. ನೀನಿದ್ದಿದ್ದರೆ "ಅವರಿಬ್ರೂ ಒಬ್ರಿಗೊಬ್ರು ಎಲ್ಲಿ ಸಿಕ್ಕಿದ್ರು ಮಾರಾಯ?" ಅಂತ ಕೇಳದೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಬೀಗಿತ್ತಿ, "ಮೇಷ್ಟ್ರೇ, ನಿಮ್ಮ ತಂದೆಯವರು ಏನು ಮಾಡ್ಕೊಂಡಿದ್ರು?" ಅಂದರು. "ಬಿಸಿನೆಸ್" ಅಂದೆ. ಎನ್.ಆರ್. ಪುರದ ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಿ ಅಂತ ದಿನಾ ಪಾಠ ಮಾಡುವವನು ನಾನು!

ಸುಮಾ, ಹುಡುಗ ಇಬ್ಬರೂ ಬೇಯಿಸಿದ್ದನ್ನು ತರಿಸಿಕೊಂಡರು. ಬೀಗಿತ್ತಿಗೂ ನನಗೂ ನಿಂಬೆರಸ, ಮೆಣಸಿನಕಾಯಿ ಹಾಕಿದ ಹಸಿ ಮೀನು. ಮೂಗಿನ ಹತ್ತಿರ ತರುತ್ತಲೇ ಗೊತ್ತಾಯಿತು. ನಿಂಬೆಯ ಅಡಿಯಲ್ಲಿ ಕೆಟ್ಟ ಮೀನಿನ ಆ ವಾಸನೆ ಇತ್ತು, ಅಪ್ಪಯ್ಯಾ. ಚಮಚದಲ್ಲಿ ಒತ್ತಿದರೆ ತುಂಡು ಮೆತ್ತಗೆ ಕುಸಿದುಹೋಯಿತು. ಬಾಯಿ ಬಿಡಬೇಕಿತ್ತು. ಆದರೆ "ಅದು ನಿಮಗೆ ಹೇಗೆ ಗೊತ್ತು?" ಅಂತ ಕೇಳಿದರೆ? ಬೀಗರು ಉಣಿಸುವ ಊಟದಲ್ಲಿ ಕೊರತೆ ಹೇಳಬಾರದು ಅಂತ ನನಗೆ ನಾನೇ ನೆಪ ಹೇಳಿಕೊಂಡು ತಟ್ಟೆ ಪಕ್ಕಕ್ಕೆ ಸರಿಸಿದೆ. "ನಿಮಗೆ ಸೇರಲಿಲ್ವಾ? ಹಾಗಾದ್ರೆ ಕೊಡಿ ಇತ್ಲಾಗೆ" ಅಂದರು ಬೀಗಿತ್ತಿ, ತಮ್ಮದನ್ನು ಮುಗಿಸಿ.

ಕೊಟ್ಟೆ. ನಗುನಗುತ್ತಾ ಕೊಟ್ಟೆ. ನಿನ್ನ ಮಗ...

ಮೂರು ದಿನ ಅವರು ಆಸ್ಪತ್ರೆಯಲ್ಲಿದ್ದರು. ಸುಮಾ ಅತ್ತೆಯ ಕಾಲೊತ್ತುತ್ತಾ ಕೂತಿದ್ದಳು. ಮದುವೆ ಮುರಿದರೂ ಮುರಿಯಲಿ ಅಂತ ನಾಲ್ಕನೆಯ ದಿನ ಎಲ್ಲಾ ಹೇಳಿದೆ. "ನಮ್ಮಪ್ಪ ಮನೆಮನೆಗೆ ಮೀನು ಮಾರ್ತಿದ್ರು. ಹೋಟೆಲಿನ ಆ ಮೀನು ಕೆಟ್ಟಿದೆ ಅಂತ ನನಗೆ ಗೊತ್ತಿತ್ತು." ಅವರು, "ಮೀನು ಮಾರಿದ್ರೆ ಏನೀಗ? ಗೊತ್ತಿದ್ದೂ ನನ್ನ ಕೈಗೆ ಕೊಟ್ರಲ್ಲ" ಅಂದರು.

ಮದುವೆ ನಿಂತಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು. ಲಗ್ನಪತ್ರಿಕೆಯಲ್ಲಿ ನಿನ್ನ ಹೆಸರಿನ ಕೆಳಗೆ "ಮೀನು ವ್ಯಾಪಾರಿ, ಕೊಪ್ಪ" ಅಂತ ಅಚ್ಚು ಹಾಕಿಸಿದ್ದೇನೆ. ಅದರಿಂದ ನಾನು ಮಾಡಿದ್ದು ಅಳಿಸಿಹೋಗುವುದಿಲ್ಲ ಅಂತಲೂ ಗೊತ್ತು.

ನಿನ್ನೆ ಮದುವೆ ಮಾತಿಗೆಂದು ಬೀಗಿತ್ತಿ ನಮ್ಮ ಮನೆಗೆ ಬಂದಿದ್ದರು. ಚೆನ್ನಾಗಿಯೇ ಮಾತಾಡಿದರು, ನಕ್ಕರು. ಊಟಕ್ಕೆ ಕೂತಾಗ ನಾನೇ ಅನ್ನದ ಪಾತ್ರೆ ಹಿಡಿದು ಬಡಿಸಲು ಹೋದೆ. ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸುಮಾ ಬಡಿಸ್ಲಿ" ಅಂದರು.