ಒಂಬತ್ತನೆಯ ಅಡಿಮನೆಗೆ, ಹಗ್ಗ ಬಿಚ್ಚುವ ಮೊದಲು

ಹೊನ್ನೆಗುಡ್ಡದ ಕೊಲ್ಲಿ,
ಕಡಲೇರಿನ ನೂರ ಎಂಬತ್ತೇಳನೆಯ ವರ್ಷ,
ಹದಿಮೂರನೆಯ ತಿಂಗಳ ಆರನೆಯ ದಿನ.

ಶ್ರೀಮತಿ ದುರ್ಗಮ್ಮ ಮೊಗೇರ ಅವರಿಗೆ,

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣಬಹುದು. ಕಡಲು ಏರಿದ ವರ್ಷದಿಂದ ನಾವು ಎಣಿಸುತ್ತೇವೆ, ನಿಮ್ಮ ಲೆಕ್ಕದಲ್ಲಿ ಇದು 2291. ಹದಿಮೂರನೆಯ ತಿಂಗಳನ್ನು ಎರಡನೆಯ ಮಳೆಗಾಲಕ್ಕಾಗಿ ನಮ್ಮವರು ಸೇರಿಸಿಕೊಂಡಿದ್ದಾರೆ. ಈ ಕಾಗದದಲ್ಲಿ ನೀವು ಕೇಳಿರದ ಕೆಲವು ಮಾತುಗಳು ಬರುತ್ತವೆ, ಕ್ಷಮಿಸಬೇಕು. ಅವುಗಳ ಅರ್ಥವನ್ನು ಅಲ್ಲಲ್ಲೇ ಹೇಳುತ್ತೇನೆ. ಜನರ ಆಡುಮಾತು ಮಾತ್ರ ಅಷ್ಟೇನೂ ಬದಲಾಗಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ.

ನನ್ನ ಹೆಸರು ಲಚ್ಚಿ. ಬೈಂದೂರಿನ ಬಡಗಿನವಳು. ನಿನ್ನೆ ರಾತ್ರಿ ನಾವು ನಿಮ್ಮ ಮನೆಯ ಮೇಲೆ ತಂಗಿದ್ದೆವು.

ನಿಮ್ಮ ಕಾಲದಲ್ಲಿ ಹೊನ್ನೆಗುಡ್ಡ ಒಂದು ಗುಡ್ಡವಾಗಿತ್ತು, ತುದಿಯಲ್ಲಿ ಮೊಬೈಲ್ ಟವರ್ ಇತ್ತು, ಬುಡದಲ್ಲಿ ನಿಮ್ಮ ಕೇರಿ ಇತ್ತು ಎಂದು ಓದಿದ್ದೇನೆ. ಈಗ ಅದು ದ್ವೀಪ. ಕೇರಿ ಇದ್ದ ಜಾಗದಲ್ಲಿ ನಾಲ್ಕು ಮಾರು ನೀರಿದೆ. ತೆಂಕಣ ಗಾಳಿಗೆ ಗುಡ್ಡ ಅಡ್ಡ ನಿಲ್ಲುವುದರಿಂದ ಈ ಕರಾವಳಿಯಲ್ಲಿ ರಾತ್ರಿ ತಂಗಲು ಇದಕ್ಕಿಂತ ಒಳ್ಳೆಯ ಕೊಲ್ಲಿ ಇಲ್ಲ. ನಿಮ್ಮ ಗದ್ದೆಗಳಲ್ಲಿ ಈಗ ಕಡಲಹುಲ್ಲು ಬೆಳೆದಿದೆ, ಅದರಲ್ಲಿ ಮೀನು ಮರಿ ಮಾಡುತ್ತದೆ. ಆದ್ದರಿಂದ ಇಲ್ಲಿ ಲಂಗರು ಬಿಡುವುದು ನಿಷಿದ್ಧ. ಒಮ್ಮೆ ಬಿಟ್ಟವರ ದೋಣಿಗೆ ಮತ್ತೆ ಈ ಕೊಲ್ಲಿಯಲ್ಲಿ ಜಾಗವಿಲ್ಲ. ಲಂಗರಿನ ಬದಲು ಹದಿನಾಲ್ಕು ತೇಲುಗುಂಡುಗಳಿವೆ. ಒಂದೊಂದರ ಸರಪಳಿಯೂ ಕೆಳಗೆ ಮುಳುಗಿರುವ ಒಂದೊಂದು ಮನೆಗೆ ಬಿಗಿದಿದೆ. ಆ ಮನೆಗಳನ್ನು ಅಡಿಮನೆ ಎನ್ನುತ್ತೇವೆ.

ಅಡಿಮನೆಯ ಮೇಲೆ ತಂಗುವವರು ಅದರ ನೆಂಟರು ಎಂಬುದು ನಮ್ಮ ರೂಢಿ. ಕಟ್ಟುವ ಮೊದಲು ದೋಣಿಯ ಹುಟ್ಟಿನಿಂದ ಗುಂಡನ್ನು ಮೂರು ಸಲ ತಟ್ಟಿ, "ಒಳಗಿದ್ದೀರಾ?" ಎಂದು ಕೇಳಿ, ಹತ್ತು ಉಸಿರು ಕಾಯಬೇಕು. ಮುಸುರೆ ನೀರನ್ನು ಚೆಲ್ಲಬಾರದು. ಬೆಳಿಗ್ಗೆ ಹಗ್ಗ ಬಿಚ್ಚುವ ಮೊದಲು ಆ ಮನೆಯವರಿಗೆ ಒಂದು ಕಾಗದ ಬರೆದು, ಮಣ್ಣಿನ ಕೊಳವೆಯಲ್ಲಿ ಹಾಕಿ, ಸರಪಳಿಯ ಗುಂಟ ಕೆಳಗೆ ಬಿಡಬೇಕು. ಹೆಚ್ಚಿನವರು ಎರಡು ಸಾಲು ಬರೆದು ಮುಗಿಸುತ್ತಾರೆ. ನಾನೂ ಇಷ್ಟು ದಿನ ಹಾಗೆಯೇ ಮಾಡಿದವಳು.

ನಮ್ಮದು ಮೂವತ್ತಾರು ಅಡಿಯ ಹಾಯಿಮನೆ. ನೀವು ಅದನ್ನು ಯಾಟ್ ಎನ್ನುತ್ತಿದ್ದಿರಿ, ಸಿರಿವಂತರು ವಿಹಾರಕ್ಕೆ ಇಟ್ಟುಕೊಳ್ಳುತ್ತಿದ್ದರು. ನಮಗೆ ಅದೇ ಮನೆ. ಹಾಸಿಗೆ, ಪಾತ್ರೆ, ಉಪ್ಪಿನಕಾಯಿ ಭರಣಿ, ಅತ್ತೆಯ ಎರಡು ಕೋಳಿ, ಎಲ್ಲವೂ ಅದರಲ್ಲೇ. ಹೆರಿಗೆಗೆ ತವರಿಗೆ ಹೋಗಿದ್ದ ನನ್ನನ್ನೂ ನಲವತ್ತು ದಿನದ ಮಗಳನ್ನೂ ಕರೆತರಲು ಅತ್ತೆ ಮಾಸ್ತಮ್ಮ ಮತ್ತು ಗಂಡನ ಅಣ್ಣ ಶನಿಯಾರ ಭಾವ ಬಂದಿದ್ದರು. ಗಂಡ ತೆಂಕಣ ಬಂದರಿನಲ್ಲಿ ಕಾಯುತ್ತಿದ್ದಾರೆ. ಮಗಳನ್ನು ಅವರು ಇನ್ನೂ ನೋಡಿಲ್ಲ.

ನಿನ್ನೆ ಸಂಜೆ ಗಾಳಿ ಜೋರಾಗುತ್ತಿದ್ದಂತೆ ಕೊಲ್ಲಿಯೊಳಗೆ ಬಂದೆವು. ಕೊಲ್ಲಿಯನ್ನು ನೋಡಿಕೊಳ್ಳುವ ಬಾಬಿ ತನ್ನ ಪಾತಿದೋಣಿಯಲ್ಲಿ ಎದುರು ಬಂದಳು. ಎರಡೇ ಗುಂಡು ಖಾಲಿ ಇದ್ದವು, ನಾಲ್ಕನೆಯದು ಮತ್ತು ಒಂಬತ್ತನೆಯದು. ನಾಲ್ಕು ನಮ್ಮ ಮನೆತನದ್ದೇ. ನಿಮ್ಮ ಮನೆಯಿಂದ ಮೂರು ಹಿತ್ತಿಲು ಆಚೆ ಇದ್ದ 'ಮಾತೃಛಾಯಾ' ಎಂಬ ಎರಡಂತಸ್ತಿನ ಆರ್‌ಸಿಸಿ ಮನೆ ನಿಮಗೆ ನೆನಪಿದ್ದೀತು, ಸರಪಳಿ ಬಿಗಿದಿದ್ದದ್ದು ಅದರ ಒಂದು ಕಂಬಕ್ಕೆ. ಒಂಬತ್ತನೆಯದು ನಿಮ್ಮ ಮನೆಯದು, ಅದರ ಸರಪಳಿ ಮಾತ್ರ ಇಳಿದಿರುವುದು ನಿಮ್ಮ ಬಾವಿಗೆ.

"ಹ್ವಾಯ್ ಶನಿಯಾರ, ನಾಲ್ಕ್ ಬೇಡ. ಕಂಬ ಲಡ್ಡಾಯ್ತ್. ಒಂಬತ್ತಕ್ಕೆ ಕಟ್ಕಣಿ" ಎಂದು ಬಾಬಿ ಕೂಗಿ ಹೇಳಿದಳು.

"ನಮ್ಮ್ ಸ್ವಂತ ಮನಿ ಇದ್ದ್ಕಂಡ್ ಬ್ಯಾರೆಯವ್ರ್ ಬಾಗ್ಲಂಗೆ ಮಲ್ಕಂಬುದಾ?" ಎಂದರು ಭಾವ. "ನಾಳೆ ನೆಂಟ್ರ್ ಎಂತ ಹೇಳುದಿಲ್ಲ?"

"ನೆಂಟ್ರ್ ಬಂದ್ ಹಗ್ಗ ಹಿಡ್ಕಂತ್ರಾ?" ಎಂದಳು ಬಾಬಿ.

ಭಾವ ನನ್ನ ಮುಖ ನೋಡಿದರು. ತಪ್ಪನ್ನು ಅವರೊಬ್ಬರ ಮೇಲೆ ಹಾಕುವಂತಿಲ್ಲ. ಮಗಳ ಮೊದಲ ಕಡಲಯಾನದ ರಾತ್ರಿ ಸ್ವಂತ ಅಡಿಮನೆಯ ಮೇಲೆ ಕಳೆಯಲಿ ಎಂಬ ಆಸೆ ನನಗೂ ಇತ್ತು. ನಾಲ್ಕಕ್ಕೇ ಕಟ್ಟೋಣ ಎಂದು ನಾನೇ ಹೇಳಿದೆ. ಅತ್ತೆ ಮೂರು ಸಲ ತಟ್ಟಿ ಕೇಳಿದರು. ಕಟ್ಟಿದೆವು.

ಆ ಬಳಿಕ ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಕಂಬ ಶಿಥಿಲವಾಗಿದೆ ಎಂಬ ಬಾಬಿಯ ಮಾತು ಕಿವಿಯಲ್ಲೇ ಇತ್ತು. ಕೊಲ್ಲಿಯ ಮೂಡು ಬದಿಗೆ ಮೊರಡುಕಲ್ಲು ಎಂಬ ಬಂಡೆಸಾಲು ಇದೆ. ಅದರ ತುದಿಯ ದೀಪವನ್ನೂ ಗುಡ್ಡದ ಮೇಲಿನ ಬಾಬಿಯ ದೀಪವನ್ನೂ ಒಂದೇ ಗೆರೆಗೆ ತಂದು ನೋಡಿಕೊಂಡೆ. ಗೆರೆ ಮುರಿಯಿತೆಂದರೆ ದೋಣಿ ಸರಿದಿದೆ ಎಂದರ್ಥ. ಅಂಬಲಿ ಕುಡಿದು ಮತ್ತೆ ಮೇಲೆ ಹೋಗಿ ನೋಡಿದೆ. ಮಗುವಿಗೆ ಹಾಲು ಕೊಟ್ಟು ಮತ್ತೆ ನೋಡಿದೆ. ಹಗ್ಗ ಮುಟ್ಟಿ ನೋಡಿದೆ, ತಂತಿಯಂತೆ ಬಿಗಿದಿತ್ತು. "ಎಷ್ಟ್ ಸಲ ಹತ್ತಿ ಇಳಿತೆ ಮಾರಾಯ್ತಿ? ಹಲಗಿ ಸವೆದ್ ಹೋತ್" ಎಂದು ಅತ್ತೆ ಗದರಿದರು. ಏಳನೆಯ ಸಲ ಹತ್ತಿದಾಗ ಗೆರೆ ಮುರಿದಿತ್ತು.

ನಡೆದದ್ದು ಇಷ್ಟು. ಹೊಳೆಬಾಯಿಯ ಉಪ್ಪು ಮರಳಿನಲ್ಲಿ ಕಟ್ಟಿದ ಕಂಬ ಅದು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಎಂದೋ ಸೀಳಿತ್ತು. ಪಡುವಣಕ್ಕೆ ತಿರುಗಿದ ಗಾಳಿಯ ಒಂದು ಜಗ್ಗಿಗೆ ಕಂಬ ಮುರಿದು, ಸರಪಳಿ, ಗುಂಡು, ಕಂಬದ ತುಂಡು ಸಮೇತ ನಾವು ಬಂಡೆಗಳ ಕಡೆಗೆ ಹೊರಟಿದ್ದೆವು. ಭಾವ ಲಂಗರನ್ನು ಎತ್ತಿ ಹಿಡಿದು ನಿಂತರು. ಬಿಟ್ಟರೆ ಹುಲ್ಲು ಕಿತ್ತುಹೋಗುತ್ತದೆ, ಬಿಡದಿದ್ದರೆ ಮನೆ ಹೋಗುತ್ತದೆ. ನಾನು ಮಗುವನ್ನು ಸೀರೆಯಲ್ಲಿ ಎದೆಗೆ ಕಟ್ಟಿಕೊಂಡೆ. "ಬಿಡಿ ಭಾವ" ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬಾಬಿ ಒಂಬತ್ತನೆಯ ಗುಂಡಿನಿಂದ ಉದ್ದ ಹಗ್ಗ ಎಳೆದುಕೊಂಡು ಪಾತಿದೋಣಿಯಲ್ಲಿ ಬಂದು, ಅದರ ತುದಿಯನ್ನು ನಮ್ಮತ್ತ ಎಸೆದಳು. ಅವಳೂ ಮಲಗಿರಲಿಲ್ಲ.

ಭಾವ ಲಂಗರು ಕೆಳಗಿಟ್ಟು ಹಗ್ಗ ಹಿಡಿದರು. ಆಗ ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದರು.

"ಬಾಬಿ, ಮೂರ್ ಸಲ ತಟ್ಟಿ ಕೇಣ್ದೆ ಕಟ್ಟುದಾ? ಮರ್ಯಾದಿ ಇಲ್ಯಾ?"

"ಅಮ್ಮಾ, ಅವ್ರ್ ಒಳಗೇ ಇದ್ರ್! ಕಟ್ಟಿ ಮೊದ್ಲ್, ಕೇಂಬುದ್ ಕಡಿಗೆ!"

ಕಟ್ಟಿದೆವು. ದೋಣಿ ಒಮ್ಮೆ ಜಗ್ಗಿ, ಸುತ್ತಿ, ನಿಂತಿತು. ಬಂಡೆ ಎರಡು ಮಾರು ದೂರವಿತ್ತು. ಮಗಳಿಗೆ ಎಚ್ಚರವಾಗಲೇ ಇಲ್ಲ. ನಿಮ್ಮನ್ನು ಕೇಳದೆ ಕಟ್ಟಿದ್ದಕ್ಕೆ ಅತ್ತೆಯ ಪರವಾಗಿ ಕ್ಷಮೆ ಕೇಳುತ್ತೇನೆ. ಬೆಳಗಾದ ಕೂಡಲೇ ಅವರು ಹೋಗಿ ಗುಂಡನ್ನು ಮೂರು ಸಲ ತಟ್ಟಿ ಬಂದರು.

ನಿಮ್ಮ ಬಾವಿ ಹೇಗೆ ತಡೆಯಿತು ಎಂದು ಬಾಬಿ ವಿವರಿಸಿದಳು. ಅದು ಕೆಂಪುಕಲ್ಲಿನ ಬಾವಿ, ಇವತ್ತಿಗೂ ತೆರೆದೇ ಇದೆ. ಅದರೊಳಗೆ ಸರಪಳಿ ಕಟ್ಟಿದ ದೊಡ್ಡ ಕರಿಕಲ್ಲು ಇಳಿಸಿದ್ದಾರೆ. ದೋಣಿ ಯಾವ ಕಡೆಗೆ ಎಳೆದರೂ ಕಲ್ಲು ಬಾವಿಯ ಗೋಡೆಗೆ ಒತ್ತಿ ನಿಲ್ಲುತ್ತದೆಯೇ ಹೊರತು ಸರಿಯುವುದಿಲ್ಲ. ಕೇರಿಯಲ್ಲಿ ಹನ್ನೊಂದು ಬಾವಿಗಳಿದ್ದವಂತೆ. ನಲ್ಲಿ ನೀರು ಬಂದ ಮೇಲೆ ಹತ್ತನ್ನು ಮಣ್ಣು ತುಂಬಿ ಮುಚ್ಚಿದರು. ಉಳಿದದ್ದು ನಿಮ್ಮದೊಂದೇ.

ಯಾಕೆ ಉಳಿಯಿತು ಎಂದು ಕೇಳಿದೆ. ಬಾಬಿ ಅಡಿಪುಸ್ತಕ ತಂದಳು. ಪ್ರತಿ ಅಡಿಮನೆಯ ಬಗ್ಗೆ ಹಳೆಯ ದಾಖಲೆಗಳಿಂದ ನಕಲು ಮಾಡಿದ ಪುಸ್ತಕ ಅದು. ಒಂಬತ್ತನೆಯ ಪುಟದಲ್ಲಿ ನಿಮ್ಮ ಸೊಸೆಯ ಡೈರಿಯಿಂದ ತೆಗೆದ ಕೆಲವು ಸಾಲು ಇವೆ: "2026, ಮೇ, ಶನಿವಾರ. ಬಾವಿ ನೀರು ಉಪ್ಪಾಗಿ ಮೂರು ವರ್ಷ ಆಯ್ತು. ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡೋಣ ಎಂದು ಇವರು ಮಣ್ಣಿನ ಲಾರಿ ತರಿಸಿದರು. ಲಾರಿ ಅಂಗಳಕ್ಕೆ ಬಂತು. ಅತ್ತೆ ವಾಪಸ್ ಕಳಿಸಿದರು. ಕಾರಣ ಹೇಳಲಿಲ್ಲ."

ಈ ಕೊನೆಯ ಎರಡು ಪದಗಳು ಬೆಳಗಿನಿಂದ ನನ್ನನ್ನು ಕೂರಲು ಬಿಡುತ್ತಿಲ್ಲ. ಉಪ್ಪು ನೀರಿನ ಬಾವಿ ನಿಮಗೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ. ಮಗ ಹೇಳಿದ್ದರಲ್ಲಿ ನ್ಯಾಯವಿತ್ತು. ಆದರೂ ನೀವು ಲಾರಿಯನ್ನು ತಿರುಗಿಸಿದಿರಿ. ಕೊಳವೆಯಲ್ಲಿ ಹಾಕಿದ ಕಾಗದ ಕೆಸರಿಗೆ ಸೇರುತ್ತದೆ, ಯಾರಿಗೂ ತಲುಪುವುದಿಲ್ಲ ಎಂದು ಭಾವ ಹೇಳುತ್ತಾರೆ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ, ಅದು ನಿಜ. ಆದರೆ ನೀವು ಕಾರಣ ಹೇಳಿಲ್ಲ ಎಂಬುದೂ ನಿಜ. ಆದ್ದರಿಂದ ನಾನು ಈ ಕಾಗದವನ್ನು ಎರಡು ಸಾಲಿಗೆ ನಿಲ್ಲಿಸಲಾರದೆ ಹೋದೆ. ಒಂದು ವೇಳೆ ಆ ಶನಿವಾರ ನಿಮಗೆ ಇನ್ನೂ ಬಂದಿಲ್ಲದಿದ್ದರೆ, ನಿಮ್ಮ ಮನಸ್ಸು ಎರಡಾಗಿದ್ದರೆ, ಕಾರಣ ಇಲ್ಲಿದೆ. ನಲವತ್ತು ದಿನದ ಒಂದು ಮಗು, ಎರಡು ಮಾರು ದೂರದಲ್ಲಿ ಬಂಡೆ.

ಮಗನಿಗೆ ಇದನ್ನು ಹೇಳಿದರೆ ನಂಬಲಿಕ್ಕಿಲ್ಲ. ಹೇಳಬೇಕಾಗಿಯೂ ಇಲ್ಲ, ಕಾರು ಗೇಟಿನ ಹೊರಗೆ ನಿಲ್ಲಲಿ. ಲಾರಿಯವನು ಇಷ್ಟು ದೂರ ಬಂದದ್ದು ದಂಡವಾಯಿತೆಂದು ಗೊಣಗಬಹುದು. ಅವನಿಗೆ ಒಂದು ಲೋಟ ಚಹಾ ಕೊಟ್ಟು, ಮಣ್ಣಿನ ಸಮೇತ ವಾಪಸ್ ಕಳಿಸಿಬಿಡಿ.

ಗಾಳಿ ಇಳಿದಿದೆ. ಭಾವ ಹಾಯಿ ಏರಿಸಿ, ಹಗ್ಗ ಹಿಡಿದು, ನಾನು ಮುಗಿಸುವುದನ್ನೇ ಕಾಯುತ್ತಿದ್ದಾರೆ. ಹೋಗಿ ಬರುತ್ತೇವೆ.

ನಿಮ್ಮ ನೆಂಟಳು,
ಲಚ್ಚಿ